ರೂತಳ ಹಾಡು ಕಲಿಸಿದ ಸುಹಾಸಿನಿ

ಹುಬ್ಬಳ್ಳಿಯ ಒಂದು ಕ್ರೈಸ್ತ ಸಭೆಯಲ್ಲಿ, ಸುಗ್ಗಿಯ ಕೃತಜ್ಞತಾ ಹಬ್ಬದಂದು, ರೂತಳ ಕಥೆಯನ್ನು ಹಾಡಿನಲ್ಲಿ ನಿರೂಪಿಸುವ ರೂಢಿಯಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆ ಸಭೆಯ ಉಪದೇಶಿ ಗಂಗಪ್ಪ ಅದನ್ನು ರಚಿಸಿದ್ದ. ಚೌಕಟ್ಟು ಪಾಶ್ಚಾತ್ಯ ಕ್ಯಾಂಟಾಟಾದ್ದು: ವೇಷವಿಲ್ಲ, ಅಭಿನಯವಿಲ್ಲ, ಒಬ್ಬರೇ ಹಾಡುವ ಭಾಗಗಳು, ಅವುಗಳ ನಡುವೆ ಮೇಳ, ಜೊತೆಗೆ ಹಾರ್ಮೋನಿಯಂ. ವಿಧವೆ ರೂತಳು ಅತ್ತೆಯನ್ನು ಬಿಡಲೊಲ್ಲದೆ ಪರನಾಡಿಗೆ ನಡೆದು, ಅನ್ಯರ ಹೊಲದಲ್ಲಿ ತೆನೆ ಆಯ್ದು ಬದುಕುವ ಕಥೆ. ಇಡೀ ಕೃತಿಯ ಜೀವವೆಂದರೆ ರೂತಳ ಹಾಡು. ಅದನ್ನು ಪ್ರತಿ ವರ್ಷ ಹಾಡುತ್ತಿದ್ದವನು ಗಂಡಸು.

ಕಾರಣ ಗುಟ್ಟೇನೂ ಆಗಿರಲಿಲ್ಲ. ಗಂಗಪ್ಪ ಆ ಹಾಡನ್ನು ಕಲಿಸಿದ್ದು ಸಂಗವ್ವ ಎಂಬ ಹೆಣ್ಣುಮಗಳಿಗೆ. ಮೊದಲ ಪ್ರದರ್ಶನದ ದಿನವೇ ಅವಳಿಗೆ ಹೆರಿಗೆ ನೋವು ಬಂತು. ಗಂಗಪ್ಪ ತಾನೇ ಎದ್ದು ಹಾಡಿದ. ಮರುವರ್ಷ ಅವಳ ಕಂಕುಳಲ್ಲಿ ಕೂಸು. ಮತ್ತೆ ಅವನೇ ಹಾಡಿದ. ಅಷ್ಟಕ್ಕೇ ಹಿರಿಯರು ಅದನ್ನು ಪದ್ಧತಿ ಎಂದರು. ಇಡೀ ಸಭೆಗೆ ತಿಳಿದಿದ್ದ ಸಂಗತಿಯಿದು. ತಿಳಿದೂ ಹಾಡನ್ನು ಗಂಡಸರಿಗೇ ಬಿಟ್ಟುಕೊಟ್ಟರು.

ಸಂಗವ್ವನ ಮೊಮ್ಮಗಳು ಸುಹಾಸಿನಿ, ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ, ಅಜ್ಜಿಯ ಬಾಯಿಂದಲೇ ಆ ಹಾಡನ್ನು ಕಲಿತಿದ್ದರು. 1957ರಲ್ಲಿ, ಗಂಗಪ್ಪನ ನಂತರ ಹಾಡುತ್ತ ಬಂದಿದ್ದವನು ತೀರಿಕೊಂಡು, ಹಾಡು ಪೂರ್ತಿ ಬಲ್ಲವರು ತಾವೊಬ್ಬರೇ ಉಳಿದಾಗ, ಸಭೆಯ ಹಿರಿಯ ನೀಲಪ್ಪನವರ ಬಳಿ ಹೋಗಿ, ಈ ಸಲ ತಾವೇ ಹಾಡುವುದಾಗಿ ಕೇಳಿಕೊಂಡರು. ನೀಲಪ್ಪನವರು ಅದರ ಬದಲಿಗೆ, ಇವನಿಗೆ ಕಲಿಸಿಕೊಡಿರೆಂದು ರೈಲ್ವೆ ವರ್ಕ್‌ಶಾಪಿನ ಉಳವಪ್ಪನನ್ನು ಸುಹಾಸಿನಿಯವರ ಮನೆಗೆ ಕಳಿಸಿದರು.

ಸುಹಾಸಿನಿ ಕಲಿಸಿದರು. ಏಕೆಂದು ಎಷ್ಟೋ ವರ್ಷಗಳ ಮೇಲೆ ನಾನು ಕೇಳಿದಾಗ ಅವರ ದನಿ ಏರಿತು.

“ಹಾಡು ಸಾಯಬಾರದಲ್ರಿ! ಒಂದ ವರ್ಷರ ‘ನೀವ ಹಾಡ್ರಿ’ ಅಂದಾರು ಅಂತ ಕಾದೆ.”

ಪ್ರತಿ ಸುಗ್ಗಿಗೆ ಮುಂಚೆ ಉಳವಪ್ಪ ಅವರ ಪಡಸಾಲೆಯಲ್ಲಿ ಕೂತು ಹಾಡುತ್ತಿದ್ದ; ಅವರು ಜೋಳ ಹಸನು ಮಾಡುತ್ತ ತಿದ್ದುತ್ತಿದ್ದರು.

“ಉಳವಪ್ಪ, ಅತ್ತಿ ಮ್ಯಾಲೆ ಪ್ರೀತಿ ಇಟ್ಟು ಹಾಡೋ. ಜಗಳಕ್ಕ ನಿಂತವರಂಗ ಹಾಡಾಕತ್ತೀ.”

“ನಮ್ಮತ್ತಿನ್ನ ನೋಡಿದ್ರ ರೂತಳೂ ಓಡಿ ಹೋಗತಿದ್ಲರಿ, ಅಕ್ಕೋರ.”

ಅವನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಹಬ್ಬದ ದಿನ ಅವನ ಕೊರಳಿಗೆ ಹಾರ ಹಾಕಿ, ಮೇಳದಲ್ಲಿ ನಿಂತಿದ್ದ ತಮ್ಮತ್ತ ತಿರುಗಿಯೂ ನೋಡದ ನೀಲಪ್ಪನವರ ಮೇಲೆ ಇತ್ತು.

1964ರ ಹಬ್ಬಕ್ಕೆ ಮುಂಚೆ ಉಳವಪ್ಪನಿಗೆ ಜ್ವರ ಬಂದು ಗಂಟಲು ಕಟ್ಟಿತು. ಹಬ್ಬದ ಬೆಳಿಗ್ಗೆ ನೀಲಪ್ಪನವರು ಅವನನ್ನೂ ಕರೆದುಕೊಂಡು ಸುಹಾಸಿನಿಯವರ ಮನೆಗೆ ಬಂದರು.

“ಅಕ್ಕೋರ, ಇವತ್ತ ನೀವ ಹಾಡ್ರಿ. ಪರದೆ ಹಿಂದ ನಿಂದರ್ರಿ. ಉಳವಪ್ಪ ಮುಂದ ನಿಂತು ಬಾಯಿ ಆಡಸ್ತಾನ.”

“ಬಾಯಿ ಆಡಸಾಕ ಅವನ್ಯಾಕ ಬೇಕ್ರಿ? ನಿಮ್ಮ ಎಮ್ಮಿ ಹೊಡಕೊಂಡು ಬರ್ರಿ. ಮೆಲುಕು ಹಾಕ್ಕೋಂತ ನಿಂದರತೈತಿ.”

“ಎಮ್ಮಿಗೆ ಕೋಟು ಹೊಲಸಬೇಕಾಕ್ಕೈತ್ರಿ,” ಎಂದ ಉಳವಪ್ಪ, ಒಡೆದ ದನಿಯಲ್ಲಿ.

ನೀಲಪ್ಪನವರು ನಗಲಿಲ್ಲ. “ಹಿರ‍್ಯಾರ ಪದ್ಧತಿ ಅದ. ಮುರಿಯಾಕ ಬರೂದಿಲ್ಲ.”

“ನಮ್ಮ ಆಯಿ ಸಂಗವ್ವ ಅವತ್ತ ಹೆರಿಗಿ ಬ್ಯಾನಿ ತಿಂದಿದ್ದು ನಿಮಗ ಪದ್ಧತಿ ಆತೇನ್ರಿ? ಮುಂದ ನಿಂತು ಹಾಡತೇನಿ. ಇಲ್ಲಂದ್ರ ಇಲ್ಲ.”

ನೀಲಪ್ಪನವರು ಒಪ್ಪದೆ ಹೋದರು. ಅಂದು ಸುಹಾಸಿನಿ ಮೇಳದಲ್ಲಿ ನಿಲ್ಲದೆ ಹೆಂಗಸರ ಮೊದಲ ಬೆಂಚಿನಲ್ಲಿ ಕೂತರು. ರೂತಳ ಹಾಡು ಬಂತು. ಹಾರ್ಮೋನಿಯಂ ರಾಗವನ್ನು ನುಡಿಸಿ, ಯಾರೂ ಎತ್ತಿಕೊಳ್ಳದಿದ್ದಾಗ ಮೊದಲಿನಿಂದ ಮತ್ತೆ ನುಡಿಸಿತು. ಉಳವಪ್ಪ ತಲೆ ತಗ್ಗಿಸಿ ನಿಂತಿದ್ದ. ಸಭೆಯೆಲ್ಲ ಸುಹಾಸಿನಿಯವರತ್ತ ತಿರುಗಿತು. ಅವರು ನೀಲಪ್ಪನವರನ್ನೇ ದಿಟ್ಟಿಸುತ್ತ ತುಟಿ ಬಿಗಿದು ಕೂತಿದ್ದರು. ಕೊನೆಗೆ ಮೇಳ ಆ ಹಾಡನ್ನು ದಾಟಿ ಮುಂದೆ ಹೋಯಿತು.

“ಗಂಟಲದಾಗ ಹಾಡು ಕುದ್ದು ಬರತಿತ್ರಿ,” ಎಂದು ಅವರು ನನಗೆ ಹೇಳಿದರು. “ನುಂಗಿದೆ.”

ಮರುವರ್ಷ ಉಳವಪ್ಪ, ಅದು ಅಕ್ಕೋರ ಹಾಡು, ತಾನು ಹಾಡಲೊಲ್ಲೆನೆಂದ. ನೀಲಪ್ಪನವರು ಬೇರೊಬ್ಬನನ್ನು ಕರೆತಂದು ಸುಹಾಸಿನಿಯವರ ಬಾಗಿಲಲ್ಲಿ ನಿಂತರು. ಇನ್ನು ಯಾವ ಗಂಡಸಿಗೂ ಕಲಿಸುವುದಿಲ್ಲವೆಂದು ಸುಹಾಸಿನಿ ಹೇಳಿದರು. ತಾವಾಗಲಿ, ಬೇರೆ ಯಾವ ಹೆಣ್ಣುಮಗಳಾಗಲಿ ಹಾಡಬೇಕು, ಅಷ್ಟೆ.

“ಹಂಗಾರ ಯಾರೂ ಹಾಡೂದು ಬ್ಯಾಡ,” ಎಂದು ನೀಲಪ್ಪನವರು ಮೆಟ್ಟಿಲಿಳಿದರು.

ಆ ವರ್ಷ ಹಬ್ಬದಲ್ಲಿ ಬರೀ ಕೀರ್ತನೆಗಳಾದವು. ಗಂಗಪ್ಪನ ಕೃತಿಯನ್ನು ಆಮೇಲೆ ಯಾರೂ ಹಾಡಿಲ್ಲ.