ಮಾತಿಗೆ ನಿಂತ ಅಕ್ಕೋರು

ಸಿಂಧನೂರಿನಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಬದುಕಿನ ಗುರಿ ಬರೆಯಿರಿ ಎಂದರು. ಹಿಂದಿನ ಬೆಂಚಿನವರು ಮುಂದಿನವರದನ್ನು ಇಣುಕಿ ನೋಡಿ ಬರೆದರು. ಗುರಿಯನ್ನೂ ಕಾಪಿ ಹೊಡೆಯುವ ಜನ ನಾವು! ನಾನೂ ನನ್ನ ಸಹೋದ್ಯೋಗಿಯೂ ಮಾತ್ರ ಮನಸಾರೆ ಬರೆದೆವು, ಇಬ್ಬರಿಗೂ ಸೇರಿ ಒಂದೇ ಹಾಳೆ.

ಪಾಮನಕಲ್ಲೂರಿನ ಹತ್ತಿರದ ಪುಟ್ಟ ಊರೊಂದರ ಶಾಲೆಗೆ ನಾವಿಬ್ಬರೇ ಟೀಚರು. ಅಲ್ಲಿಯ ಹುಡುಗಿಯರು ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ತಾಯಂದಿರ ಜೊತೆ ಟಂಟಂ ಆಟೊ ಹತ್ತಿ, ಜವಳಗೇರಾ ಕಡೆ ಭತ್ತದ ನಾಟಿಗೆ ಹೋಗಿಬಿಡುತ್ತಿದ್ದರು. ಆ ವರ್ಷ ಒಂದನೆಯ ತರಗತಿಯಲ್ಲಿ ಏಳು ಹುಡುಗಿಯರಿದ್ದರು. ಏಳೂ ಮಂದಿ ಐದನೆಯದು ಮುಗಿಸಿ ದೊಡ್ಡ ಶಾಲೆಗೆ ಸೇರುವ ತನಕ ನಾವು ಈ ಶಾಲೆ ಬಿಡುವುದಿಲ್ಲ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಮನೆಮನೆಗೆ ಹೋಗಿ ತಾಯಂದಿರಿಗೂ ಹೇಳಿದೆವು.

ಎರಡು ವರ್ಷ ಕಳೆದ ಮೇಲೆ, ಬೇಸಿಗೆ ರಜೆಯಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಬಂತು. ಹಿಂದಿನ ದಿನ ಸಹೋದ್ಯೋಗಿ ಫೋನಿನಲ್ಲಿ, "ಗುರುಗುಂಟಾದಾಗ ಅದೀನಿ, ನಮ್ಮತ್ತಿಗಿ ಆರಾಮಿಲ್ಲ" ಎಂದಿದ್ದಳು. ಮರುದಿನ ನೋಡಿದರೆ ರಾಯಚೂರಿನ ಕೌನ್ಸೆಲಿಂಗ್ ಹಾಲಿನಲ್ಲಿ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ! ನನ್ನ ಮೈಯೆಲ್ಲ ಉರಿದುಹೋಯಿತು. ಹೋಗಿ ಎದುರಿಗೇ ನಿಂತೆ.

"ಇದೇನಕ್ಕ, ಇದ ಏನು ನಿಮ್ಮ ಗುರುಗುಂಟಾ?"

ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಫೈಲು ನೋಡಿದಳು.

"ನೀ ಎದಕ್ಕ ಬಂದಿ?"

ಗಂಡ, ಮಗ ಇರುವ ಸಿಂಧನೂರಿನಿಂದ ದಿನಾ ಮಸ್ಕಿಗೆ, ಅಲ್ಲಿಂದ ಶಾಲೆಗೆ ಬಸ್ಸು ಬದಲಿಸಿ ಬದಲಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಸಿಂಧನೂರನ್ನೇ ಕೇಳಿ ನಾನೂ ಗುಟ್ಟಾಗಿ ಅರ್ಜಿ ಹಾಕಿದ್ದೆ. ಆದರೂ ಸಿಟ್ಟು ಇಳಿಯಲಿಲ್ಲ. ನಾನು ಬಿಟ್ಟರೂ ಅವಳಿರುತ್ತಾಳೆ, ಆ ಏಳು ಹುಡುಗಿಯರನ್ನು ಅವಳು ಬಿಡುವವಳಲ್ಲ ಎಂದು ನಂಬಿಯೇ ನಾನು ಆ ಅರ್ಜಿಗೆ ಸಹಿ ಹಾಕಿದ್ದು. ಅಂಥ ನಂಬಿಕೆಗೆ ದ್ರೋಹ ಮಾಡಿದಳಲ್ಲ! ಅವಳೂ ನನ್ನನ್ನು ಹಾಗೆಯೇ ನಂಬಿದ್ದಳೆಂಬುದು ಮುಖದಲ್ಲಿ ಕಾಣುತ್ತಿತ್ತು. ಅದನ್ನು ನೋಡಿ ಸಿಟ್ಟು ಇನ್ನೂ ಹೆಚ್ಚಾಯಿತು.

ಅವಳ ಹೆಸರು ಮೊದಲು ಬಂತು. ಲಿಂಗಸುಗೂರು ಆರಿಸಿಕೊಂಡಳು. ಇದ್ದ ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಶಾಲೆಗೆ ಬಾಗಿಲು ಹಾಕಬೇಕಾಗುತ್ತದೆ ಎಂದು ನನ್ನ ಅರ್ಜಿ ವಾಪಸು ಕೊಟ್ಟರು. ಸಿಂಧನೂರು ಬರುವ ತನಕ ಬಸ್ಸಿನಲ್ಲಿ ಅತ್ತೆ. ಹುಡುಗಿಯರಿಗಾಗಿ ಅತ್ತೆನೆಂದು ಸುಳ್ಳು ಯಾಕೆ ಹೇಳಲಿ.

ಶಾಲೆ ಶುರುವಾದ ದಿನ ತಾಯಂದಿರು ಅಂಗಳದಲ್ಲಿ ಕಾಯುತ್ತಿದ್ದರು. ಒಬ್ಬಾಕೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಆ ಅಕ್ಕೋರು ಕೈ ಕೊಟ್ಟು ಹೋದ್ರು ನೋಡ್ರಿ. ನೀವು ಮಾತಿಗಿ ನಿಂತ್ರಿ. ನೀವ್ ಅದೀರಿ ಅಂತನ ಈ ವರ್ಷನೂ ಹುಡುಗೀನ ಸಾಲಿಗಿ ಕಳಿಸಾಕತ್ತೀನ್ರಿ."

ಇಲ್ಲಮ್ಮ, ನಾನೂ ಅಲ್ಲಿಗೆ ಹೋಗಿದ್ದೆ ಎನ್ನಬೇಕಿತ್ತು.

"ಹೌದಮ್ಮ," ಎಂದೆ, "ಅವರು ಹಂಗ ಮಾಡಬಾರದಿತ್ತು."