ಹಿಂದಿನ ಸಾಲಿನ ಕುಂಡಗಳು

ಅವನು ಹೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ, ಒಂದೇ ಗೋಡೆಯ ಆಚೆ ಈಚೆ ಅರ್ಧ ಆಯುಷ್ಯ ಕಳೆದ ಮೇಲೆ ಹೇಳುತ್ತಿದ್ದೇನೆ. ಕೆಲವರ ಪುಕ್ಕಲುತನಕ್ಕೆ ಸಾಧುತನ ಎಂಬ ಒಳ್ಳೆಯ ಹೆಸರು ಸಿಕ್ಕಿಬಿಡುತ್ತದೆ. ಬೀದಿಯವರೆಲ್ಲ ಅವನನ್ನು ಸಾಧು ಎನ್ನುತ್ತಿದ್ದರು. ನಾನು ಮಾತ್ರ ಒಪ್ಪುತ್ತಿರಲಿಲ್ಲ.

ಒಮ್ಮೆ ಕ್ಷೌರದಂಗಡಿಯಲ್ಲಿ ಅಂಗಡಿಯವನು ಮಾತಿನ ಭರದಲ್ಲಿ ಇವನ ಮೀಸೆಯ ಒಂದು ಬದಿಯನ್ನು ಸವರಿಬಿಟ್ಟ. ಇವನು ಕನ್ನಡಿ ನೋಡಿಕೊಂಡು, "ಪರವಾಗಿಲ್ಲ, ಆ ಕಡೇದೂ ತೆಗೆದುಬಿಡಿ" ಎಂದನಂತೆ. ಆಮೇಲೆ ಮೀಸೆ ಬಿಡಲೇ ಇಲ್ಲ. ಬಿಟ್ಟರೆ ಅಂಗಡಿಯವನಿಗೆ ಬೇಜಾರಾದೀತು! ಮದುವೆಯ ಮಾತೊಂದು ಬಂದಿತ್ತು. ಅಕ್ಕ ಬೇಡವೆಂದಳು, ಇವನು "ಹೂಂ" ಎಂದ. ಅಕ್ಕ ಏನೇ ಹೇಳಲಿ, ಅವನ ಉತ್ತರ ಇದೊಂದೇ. ಬೀದಿಯ ಮಕ್ಕಳು ಅವನನ್ನು ಹೂಂ ಮಾಮ ಎಂದೇ ಕರೆಯುತ್ತಿದ್ದರು. ಅದಕ್ಕೂ ಅವನು ಹೂಂ ಎನ್ನುತ್ತಿದ್ದ.

ಅಕ್ಕ ಅವನಿಗಿಂತ ತುಂಬ ದೊಡ್ಡವಳು. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿದವಳು, ಬೈದು ಬೆಳೆಸಿದವಳು, ಬೀಜದ ಪೊಟ್ಟಣಗಳ ಮೇಲಿನ ಹೆಸರು ತೋರಿಸಿ ಅಕ್ಷರ ಕಲಿಸಿದವಳು ಅವಳೇ. ಮನೆಯ ಹಿಂದಿನ ನರ್ಸರಿಯನ್ನು ಕಟ್ಟಿದವಳೂ ಅವಳೇ. ಒಡೆದ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಡಿದ ಒಂದು ಗಾಜಿನ ಮನೆ, ಮಣ್ಣು ತುಂಬುವ ಉದ್ದನೆಯ ಮರದ ಹಲಗೆ, ಅದರ ಕೆಳಗೆ ಒಂದರೊಳಗೊಂದು ಸೇರಿಸಿಟ್ಟ ಕುಂಡಗಳು. ಆ ಸಾಮ್ರಾಜ್ಯಕ್ಕೆ ಅವಳು ಒಡತಿ, ಅವನು ಕೈಯಾಳು.

ಅವರ ಹೆಮ್ಮೆ ಹೋಸ್ಟಾ ಗಿಡ. ಅಂಗೈಗಿಂತ ಅಗಲವಾದ ಎಲೆ, ಸುತ್ತಲೂ ಸುಣ್ಣದ ಗೀರೆಳೆದಂತೆ ಬಿಳಿ ಅಂಚು. ನೆರಳಿನಲ್ಲೇ ಚೆನ್ನಾಗಿ ಬರುತ್ತದೆ. ಚಳಿಗೆ ಎಲೆಯೆಲ್ಲ ಕೊಳೆತು ಹೋಗಿ, ಚಳಿ ಕಳೆದ ಮೇಲೆ ನೆಲದಿಂದ ಹೊಸ ಮೊಳಕೆ ಏಳುತ್ತದೆ. ಇದರ ದೋಷ ಒಂದೇ: ಒಮ್ಮೊಮ್ಮೆ ಬುಡದ ಯಾವುದೋ ಮೂಲೆಯಿಂದ ಅಂಚೇ ಇಲ್ಲದ ಬರೀ ಹಸಿರು ಮೊಳಕೆ ಬರುತ್ತದೆ. ಹಸಿರಿನದು ಬಲವಾದ ಮೊಳಕೆ. ಬಿಟ್ಟರೆ ಎರಡು ಮೂರು ವರ್ಷದಲ್ಲಿ ಬಿಳಿ ಅಂಚಿನದನ್ನು ಮೂಲೆಗೊತ್ತಿ ಇಡೀ ಬುಡವನ್ನೇ ನುಂಗಿಬಿಡುತ್ತದೆ. ಕಂಡ ತಕ್ಷಣ ಬೇರುಸಹಿತ ಕಿತ್ತು ಎಸೆಯಬೇಕು.

ಆ ಬೇಸಿಗೆಯಲ್ಲಿ ಹಸಿರು ಕಾಣಿಸಿಕೊಂಡಾಗ ಅವನು ಅಕ್ಕನ ಹತ್ತಿರ ಹೋಗಿ ನಿಂತ.

"ಅಕ್ಕಾ, ಹಸಿರು ಬರ್ತಾ ಇದೆ. ಕಿತ್ತುಬಿಡ್ಲಾ?"

"ಈಗ ಯಾಕೋ ಬುಡ ಕೆದಕ್ತೀಯಾ? ದಪ್ಪ ಆಗ್ಲಿ ಬಿಡು. ಎಲೆ ಒಣಗಿದ್ಮೇಲೆ ಹೇಗೂ ಬುಡ ಅಗೆದು ಒಡೀತೀವಲ್ಲ."

"ಎಲೆ ಹೋದ್ಮೇಲೆ ಯಾವ್ದು ಯಾವ್ದು ಅಂತ…"

"ಲೋ, ನಾನು ನಿಂಗೆ ಕಲಿಸಿದ್ದೋ, ನೀನು ನಂಗೆ ಕಲಿಸಿದ್ದೋ?"

"ಹೂಂ" ಎಂದ.

ಎಲೆಗಳು ಬಾಡಿ ಬಿದ್ದ ಮೇಲೆ ಬುಡಗಳನ್ನು ಅಗೆದು ತೊಳೆದರು. ಅವನು ಚಾಕುವಿನಿಂದ ಒಂದೊಂದನ್ನೂ ಸೀಳಿದ; ಪ್ರತಿ ತುಂಡಿಗೂ ಒಂದು ಮೊಳಕೆಯ ಮೂತಿ, ಒಂದು ಹಿಡಿ ಬೇರು. ಸೀಳಿದ ಗಾಯಕ್ಕೆ ಬೂದಿ ಸವರಿ, ಮರಳು ಬೆರೆಸಿದ ಮಣ್ಣಿನಲ್ಲಿ ಕೂರಿಸಿದ. ಹಸಿರು ಎಲ್ಲಿ ಎದ್ದಿತ್ತೆಂದು ಅವನಿಗೆ ನೆನಪಿತ್ತು. ಆ ತುಂಡುಗಳನ್ನೆಲ್ಲ ಹಲಗೆಯ ಹಿಂದಿನ ಸಾಲುಗಳಲ್ಲಿ ಇಟ್ಟ. ಯಾಕೆಂದು ಅಕ್ಕ ಕೇಳಲಿಲ್ಲ, ಅವನು ಹೇಳಲಿಲ್ಲ. ಹೇಡಿಯ ಕೆಲಸವೆಂದರೆ ಇದೇ ಅಲ್ಲವೆ? ನಿಜವನ್ನು ಬಿಸಾಡುವುದೂ ಇಲ್ಲ, ಬಾಯಿಬಿಡುವುದೂ ಇಲ್ಲ. ಹಿಂದಿನ ಸಾಲಿನಲ್ಲಿ ಇಟ್ಟುಬಿಡುವುದು.

ಆಗಲೇ ಮೇಟ್ರನ್ ಬಂದದ್ದು. ಊರಾಚೆ ದೃಷ್ಟಿ ಮಂದವಾದ ಮುದುಕರಿಗಾಗಿ ಒಂದು ಮನೆಯಿದೆ. ಅದರ ಮೇಲ್ವಿಚಾರಕಿ, ನನ್ನ ಹಳೆಯ ಪರಿಚಯ. ಮಲಗುವ ಕೋಣೆಗಳಿಂದ ಊಟದ ಮನೆಗೆ ಮರಗಳಡಿಯಲ್ಲಿ ಒಂದು ಕಾಲುದಾರಿ. ಅಲ್ಲಿ ಸದಾ ಮಬ್ಬು. ದಾರಿಯ ಅಂಚು ತಿಳಿಯದೆ ಮುದುಕರು ಮಣ್ಣಿಗಿಳಿದು ಮುಗ್ಗರಿಸುತ್ತಿದ್ದರು. ಒಬ್ಬಾಕೆ ಸೊಂಟ ಮುರಿದುಕೊಂಡಿದ್ದಳು. ಸುಣ್ಣ ಬಳಿದ ಕಲ್ಲಿಟ್ಟರೆ ಎಡವುತ್ತಾರೆ. ಬೇಸಿಗೆಯಲ್ಲಿ ಇವರ ನರ್ಸರಿಯ ಗಿಡದ ಎಲೆ ನೋಡಿದ್ದ ಮೇಟ್ರನ್, "ಎರಡೂ ಕಡೆ ಇದನ್ನೇ ನೆಡ್ತೀನಿ. ಅವ್ರಿಗೆ ಬಿಳಿ ಒಂದು ಕಾಣತ್ತೆ, ಅಷ್ಟು ಸಾಕು" ಎಂದಳು. ಮೊಳಕೆ ಬಿಚ್ಚುವ ಮುಂಚೆ ಕೊಂಡೊಯ್ದರೆ ಎಲೆ ಮುರಿಯುವುದಿಲ್ಲವೆಂದು ಅಕ್ಕನೇ ಸೂಚಿಸಿದಳು. ಆಗ ಅವಳಿಗೂ ಹಿಂದಿನ ಸಾಲಿನ ವಿಷಯ ಗೊತ್ತಿರಲಿಲ್ಲ.

ಗೊತ್ತಾದದ್ದು ಒಯ್ಯುವ ವಾರ. ಹಿಂದಿನ ಸಾಲಿನ ಮೊಳಕೆಗಳು ಮುಂದಿನವಕ್ಕಿಂತ ಗುಂಡಗೆ, ಕೊಬ್ಬಿ ನಿಂತಿದ್ದವು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅವನ್ನೂ ಅವನನ್ನೂ ನೋಡಿದಳು. ಮುಂದಿನ ಮಾತುಕತೆಯನ್ನು ಆಮೇಲೊಂದು ದಿನ ಅವಳೇ ಮುಚ್ಚುಮರೆಯಿಲ್ಲದೆ ನನಗೆ ಹೇಳಿದಳು.

"ಇವೆಲ್ಲ ಹಸಿರಾ?"

"ಹೂಂ."

"ಅರ್ಧಕ್ಕರ್ಧ ಇದೆಯಲ್ಲೋ! ಬಾಯಲ್ಲಿ ಏನು ಕಡುಬು ತುರುಕಿಕೊಂಡಿದ್ದೆ ಇಷ್ಟು ದಿನ?"

ಅವನು ಕುಂಡವೊಂದರ ಅಂಚನ್ನು ಒರೆಸಿದ.

"ಕೇಳು. ಈ ಗಿಡದ ಜಾತಿಯೇ ತಿರುಗೋ ಜಾತಿ. ನಾಳೆ ಹಸಿರಾದ್ರೆ ಗಿಡವನ್ನ ಬೈತಾರೆ, ನಮ್ಮನ್ನಲ್ಲ. ಕೊಡ್ತೀವಿ ಅಂತ ಮಾತು ಕೊಟ್ಟಾಗಿದೆ. ಇಷ್ಟು ವರ್ಷ ಈ ನರ್ಸರಿಯಿಂದ ಯಾರೂ ಬರಿಗೈಲಿ ಹೋಗಿಲ್ಲ. ನೀನು ಬಾಯಿ ಮುಚ್ಕೊಂಡಿರು. ಅದೇನು ನಿಂಗೆ ಹೊಸದಾ?"

"ಹೂಂ."

ಬಾಯಿ ಮುಚ್ಚಿಸುವುದು ಸುಲಭವಾಯಿತು. ಮೊಳಕೆಯ ಬಾಯಿ ಮುಚ್ಚಿಸುವುದು ಆಗಲಿಲ್ಲ. ಆ ವಾರವೇ ಬಿಸಿಲು ಏರಿತು. ಮೊಳಕೆಯ ಕಂದು ಪೊರೆಯೊಳಗೆ ಎಲೆ ಸುರುಳಿ ಸುತ್ತಿಕೊಂಡಿರುವವರೆಗೆ ಯಾರಿಗೂ ಏನೂ ಕಾಣದು. ಪೊರೆ ಹರಿದರೆ ಬಣ್ಣ ಬಯಲು. ಅಕ್ಕ ಕುಂಡಗಳನ್ನೆಲ್ಲ ತಣ್ಣನೆಯ ಕೊಟ್ಟಿಗೆಗೆ ಸಾಗಿಸಿದಳು. ಸುತ್ತಲೂ ಗೋಣಿಚೀಲ ನೆನೆಸಿ ಹರಡಿದಳು. ಇವನು ಬೆಳಗಾದರೆ ಒಳಹೋಗಿ ಒಂದೊಂದು ಮೊಳಕೆಯನ್ನೂ ಎರಡು ಬೆರಳಿನಿಂದ ಒತ್ತಿ ನೋಡಿ ಬರುತ್ತಿದ್ದ. ಊಟದ ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದನಂತೆ. ಬರಬೇಕಾದ ದಿನ ಮೇಟ್ರನ್ನಿನ ವ್ಯಾನು ಕೆಟ್ಟು ನಿಂತಿತು. ಇನ್ನೊಂದು ದಿನ, ಇನ್ನೊಂದಿಷ್ಟು ಬಿಸಿಲು.

ಮರುದಿನ ವ್ಯಾನು ಬಂದಾಗ ನಾನೂ ಮೇಟ್ರನ್ನಿನ ಜೊತೆಗಿದ್ದೆ. ಕೊಟ್ಟಿಗೆಯ ಬಾಗಿಲಲ್ಲಿ ಅಕ್ಕ ಗಡಿಬಿಡಿಯಿಂದ ಏನನ್ನೋ ಚಿವುಟಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡದ್ದು ಕಂಡಿತು. ಕಳೆ ಎಂದುಕೊಂಡೆ. ಬಿಚ್ಚಿಕೊಂಡಿದ್ದ ಮೊದಲ ಎಲೆ ಅದು ಎಂದು ಆಮೇಲೆ ತಿಳಿಯಿತು.

"ಎಲ್ಲಾ ಬಿಳಿ ಅಂಚಿನವೇ ತಾನೇ?" ಎಂದಳು ಮೇಟ್ರನ್.

"ಒಂದೋ ಎರಡೋ ತಿರುಗಿದ್ರೂ ತಿರುಗಬಹುದಮ್ಮಾ. ಅದರ ಹುಟ್ಟುಗುಣ. ನಾವೇನೂ ಮಾಡೋಕಾಗಲ್ಲ."

"ಒಂದೆರಡಾದ್ರೆ ನಡೆಯತ್ತೆ ಬಿಡಿ." ಮೇಟ್ರನ್ ಅವನ ಕಡೆ ತಿರುಗಿದಳು. "ಏನ್ರೀ, ನೀವೇ ಅಂತೆ ಇವನ್ನೆಲ್ಲ ಒಡೆದು ನೆಟ್ಟಿದ್ದು?"

"ಹೂಂ."

"ನಮ್ಮ ಅಜ್ಜಿ ಒಬ್ರು ದಿನಾ ಕೇಳ್ತಿದಾರೆ, ಬಿಳಿ ದಾರಿ ಯಾವಾಗ ಬರತ್ತೆ ಅಂತ. ಸೊಂಟ ಮುರ್ಕೊಂಡ್ರಲ್ಲ, ಅವ್ರೇ. ಗೋಡೆ ಹಿಡ್ಕೊಂಡು ನಡೆಯೋಕೆ ಶುರು ಮಾಡಿದಾರೆ."

ಅವನು ಹೂಂ ಎನ್ನಲು ಬಾಯಿ ತೆರೆದ. ಎನ್ನದೆ ಹಿಂದಿನ ಸಾಲಿನ ಕುಂಡಗಳ ಕಡೆ ತಿರುಗಿದ.

"ಮಾತಾಡಿದ್ದು ಸಾಕು, ಬಿಸಿಲೇರ್ತಿದೆ, ತುಂಬ್ಸು" ಎಂದಳು ಅಕ್ಕ.

ಅವನು ಟ್ರೇಗಳನ್ನು ಹೊರತೊಡಗಿದ. ಮುಂದಿನ ಸಾಲಿನ ಕುಂಡಗಳೆಲ್ಲ ವ್ಯಾನಿಗೇರಿದವು. ಹಿಂದಿನ ಸಾಲಿನ ಮೊದಲ ಟ್ರೇಯನ್ನು ಎತ್ತಿಕೊಂಡು ಬಂದವನು ಅರ್ಧ ದಾರಿಯಲ್ಲಿ ನಿಂತ. ಕೈ ಸೋತಿತೇನೋ ಎಂದುಕೊಂಡೆ. ಅಕ್ಕನ ಮುಖ ಮಾತ್ರ ಬಿಗಿಯಿತು.

ಅವನು ಟ್ರೇಯನ್ನು ಮೇಟ್ರನ್ನಿನ ಕಾಲಬಳಿ ಇಳಿಸಿ ಕುಕ್ಕರಗಾಲಿನಲ್ಲಿ ಕೂತ. ಒಂದು ಕುಂಡವನ್ನು ಎತ್ತಿಕೊಂಡ. ಎಡಗೈಯಲ್ಲಿ ಬುಡ ಹಿಡಿದು, ಬಲಗೈ ಹೆಬ್ಬೆರಳಿನ ಉಗುರಿನಿಂದ ಮೊಳಕೆಯ ಪೊರೆಯನ್ನು ಮೇಲಿಂದ ಕೆಳಗೆ ಸೀಳಿದ. ಒಳಗಿನ ಎಳೆಯ ಎಲೆಯ ಸುರುಳಿಯನ್ನು ಬಿಚ್ಚಿ, ಅಂಗೈ ಮೇಲೆ ಹರಡಿ, ಮೇಟ್ರನ್ನಿನ ಕಡೆ ಚಾಚಿದ. ಎಲೆ ತುದಿಯಿಂದ ಬುಡದವರೆಗೂ ಹಸಿರು. ಅಂಚೇ ಇರಲಿಲ್ಲ.

"ಇದೇನ್ರೀ…" ಎಂದಳು ಮೇಟ್ರನ್.

"ಲೋ!" ಎಂದಳು ಅಕ್ಕ. ಆ ಕೂಗಿಗೆ ಅವನು ಹುಟ್ಟಿದಂದಿನಿಂದ ಓಗೊಟ್ಟವನು.

ಅವನು ತಲೆಯೆತ್ತಲಿಲ್ಲ. ಆ ಕುಂಡವನ್ನು ಪಕ್ಕಕ್ಕಿಟ್ಟು, ಎರಡನೆಯದನ್ನು ಎತ್ತಿಕೊಂಡು, ಅದರ ಪೊರೆಗೆ ಉಗುರು ತಾಗಿಸಿದ.