ದೀಪಕ್ಕೆ ಮುಂಚಿನ ಬೈಗುಳ

ಮೊನ್ನೆ ಕಡೂರಿನ ರೈಲು ನಿಲ್ದಾಣದಲ್ಲಿ ಪಕ್ಕದ ಅಜ್ಜಿಯೊಬ್ಬರು ಎಲೆಅಡಿಕೆ ಸಂಚಿ ಬಿಚ್ಚಿದರು. ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ಅಜ್ಜಂಪುರದ ನಮ್ಮ ಎದುರುಮನೆ ಅಕ್ಕ ನೆನಪಾದರು. ಅಕ್ಕ ಎಲೆ ಹಾಕಿದವರೇ ಅಲ್ಲ, ಹಾಕುತ್ತಿದ್ದವರು ಅವರ ಅತ್ತೆ. ಆದರೆ ಟಿವಿಯಲ್ಲಿ ಅತ್ತೆ ಪಾತ್ರದ ಅಕ್ಕ ದವಡೆಗೆ ಎಲೆ ಒತ್ತರಿಸಿಕೊಂಡು ಸೊಸೆಯನ್ನು ಬೈಯುತ್ತಿದ್ದರೆ ನೋಡುವವರ ಬಾಯಲ್ಲೂ ನೀರೂರುತ್ತಿತ್ತು...

ಎಪ್ಪತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಆ ಬೀದಿಗೆ ಬಂದೆ. ಆಗ ಅಕ್ಕ ತರೀಕೆರೆಯಲ್ಲಿ ಹೆಂಗಸರೇ ಸೇರಿ ಆಡುತ್ತಿದ್ದ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ಅದನ್ನು ಕಂಡಿದ್ದ ಬೆಂಗಳೂರಿನ ನಿರ್ದೇಶಕರೊಬ್ಬರು ಕೆಲವು ವರ್ಷಗಳ ಮೇಲೆ ಟಿವಿ ಧಾರಾವಾಹಿಗೆ ಕರೆದರು. ಅಕ್ಕನ ಗಂಡ ಕೊಬ್ಬರಿ ವ್ಯಾಪಾರಿ. ಕೇಳಿದ್ದಕ್ಕೆ ತಾಯಿಯ ಮುಖ ನೋಡಿದರು. ಆ ಮನೆಯಲ್ಲಿ ಮಾತೆಲ್ಲ ಅತ್ತೆಯದೇ.

"ಹೋಗ್ಬಾ. ಆದ್ರೆ ಮನೆ ಮಾತು ಬೀದಿಗೆ ಬಂದ್ರೆ ಅವತ್ತೇ ಕೊನೆ ಕಣೇ," ಎಂದರು ಅತ್ತೆ.

ಅಕ್ಕ ರೈಲು ಹತ್ತಿ ಹೋಗಿ ಮಾಡಿ ಬಂದದ್ದು ಮಾತ್ರ ಸಾಕ್ಷಾತ್ ಅತ್ತೆಯನ್ನೇ! ಅದೇ ನಡಿಗೆ, ಸೊಂಟದ ಮೇಲೆ ಅದೇ ಕೈ. "ಏನ್ ಮಾಡ್ಲಿ ಹೇಳೇ, ನಗ್ಸು ಅಂದ್ರು. ನಂಗೆ ಬರೋದು ಅದೊಂದೇ," ಎಂದು ನನ್ನ ಹತ್ತಿರ ಗೋಳಾಡಿದರು. ಅತ್ತೆ ಸಿಟ್ಟಾದರೆ ಅಕ್ಕನ ಟಿವಿ ಅಲ್ಲಿಗೇ ಮುಗಿಯುತ್ತಿತ್ತು.

ಬೀದಿಗೆಲ್ಲ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ. ಧಾರಾವಾಹಿ ಬಂದ ಸಂಜೆ ನಡುಮನೆ ತುಂಬಿತ್ತು. ಅತ್ತೆ ಎಲ್ಲರಿಗಿಂತ ಮುಂದೆ, ಕುರ್ಚಿಯಲ್ಲಿ. ಅಕ್ಕ ಬಾಗಿಲ ಹಿಂದೆ ನನ್ನ ಕೈ ಹಿಡಿದು ನಿಂತಿದ್ದರು. ಜನ ಟಿವಿ ನೋಡುತ್ತಾರೆ, ಅತ್ತೆಯನ್ನು ನೋಡುತ್ತಾರೆ, ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಅತ್ತೆ ಮಿಸುಕಲಿಲ್ಲ. ಮುಗಿದ ಮೇಲೆ ಸೊಸೆಯನ್ನು ಕರೆದರು.

"ಬೈದಿದ್ದು ಸರಿಯಾಗೇ ಬೈದಿದೀಯ. ಆದ್ರೆ ಟಿವೀಲಿ ದೇವ್ರ ಮುಂದೆ ದೀಪ ಉರೀತಿತ್ತಲ್ಲೇ! ದೀಪ ಹಚ್ಚಿದ್ಮೇಲೆ ನಾನ್ ಯಾವತ್ತಾದ್ರೂ ಬೈದಿದೀನಾ? ಏನಿದ್ರೂ ಅದಕ್ಕೆ ಮುಂಚೆ ಬೈದು ಮುಗಿಸ್ಬೇಕು."

ಎಲ್ಲರೂ ತಡೆದಿಟ್ಟಿದ್ದ ನಗು ಒಮ್ಮೆಲೇ ಹೊರಬಿತ್ತು. ಅತ್ತೆಯೂ ನಕ್ಕರು. ಅಕ್ಕ ಅಲ್ಲೇ ಕೂತು ಅತ್ತುಬಿಟ್ಟರು.

ಅಲ್ಲಿಂದ ಮುಂದೆ ಅಕ್ಕನಿಗೆ ಅತ್ತೆಯೇ ಗುರು. ಎಂಬತ್ತರ ದಶಕ ಮುಗಿಯುವವರೆಗೂ ಅಕ್ಕ ಎಷ್ಟೋ ಧಾರಾವಾಹಿಗಳಲ್ಲಿ ಬೈದರು, ಊರಿಗೆ ಬಂದಾಗಲೆಲ್ಲ ತಪ್ಪು ಹಿಡಿಯಲು ಅತ್ತೆ ಕಾದಿರುತ್ತಿದ್ದರು. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ಸುತ್ತುಗಟ್ಟಿ, "ಒಂದ್ಸಲ ಬೈಯ್ರೀ," ಎಂದು ಕೇಳಿ ಬೈಸಿಕೊಳ್ಳುತ್ತಿದ್ದರು. ಎಂಥ ಸುಖದ ದಿನಗಳು! ಅತ್ತೆ ತೀರಿಕೊಂಡ ಮೇಲೂ ಅಕ್ಕ ಪಾತ್ರ ಮಾಡಿದರು, ಜನ ನಕ್ಕರು. ಅಕ್ಕನಿಗೇ ಯಾಕೋ ರುಚಿ ಹೋಗಿತ್ತು. "ಚೆನ್ನಾಗಿತ್ತು ಅಂತಾರೆ ಎಲ್ರೂ. ಎಲ್ಲಿ ತಪ್ಪಾಯ್ತು ಅಂತ ಹೇಳೋರೇ ಇಲ್ಲ ಕಣೇ," ಎಂದಿದ್ದರು.

ಈಗ ಅಕ್ಕನೂ ಇಲ್ಲ... ಟಿವಿಯಲ್ಲಿ ಯಾವಳೋ ಅತ್ತೆ ಉರಿಯುವ ದೀಪದ ಮುಂದೆ ನಿಂತು ಸೊಸೆಯನ್ನು ಬೈಯುತ್ತಾಳೆ. "ತಪ್ಪು, ತಪ್ಪು," ಎನ್ನುತ್ತೇನೆ. ಮೊಮ್ಮಕ್ಕಳು ನನ್ನ ಮುಖ ನೋಡುತ್ತವೆ. ಅದು ತಪ್ಪೆಂದು ಗೊತ್ತಿರುವವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ.